ಸಿಟ್ಟು ಯಾರದು, ಗಲ್ಲಾಪೆಟ್ಟಿಗೆ ಯಾರದು?

ಒಬ್ಬ ಕಪ್ಪು ಹೆಂಗಸು. ಆಸ್ಪತ್ರೆಯಲ್ಲಿ ನರ್ಸು. ಹನ್ನೊಂದು ವರ್ಷದ ಅವಳ ತಂಗಿಗೆ ಹೆರಾಯಿನ್ ಚಟ ಹತ್ತಿಸಿ ಹಾಳುಮಾಡಿದ್ದಾರೆ. ಪೊಲೀಸರನ್ನು ನಂಬುವ ಹಾಗಿಲ್ಲ, ಕಾನೂನು ಅವಳ ಪಾಲಿಗೆ ಇಲ್ಲ. ಅವಳು ಮೋಟು ನಳಿಗೆಯ ಬಂದೂಕು ಹಿಡಿದು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಕೊಲ್ಲುತ್ತಾಳೆ. 1973ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ಕಾಫಿ' ಚಿತ್ರದ ಕತೆ ಇಷ್ಟೆ. ಇದು ಕುಡಿಯುವ ಕಾಫಿಯಲ್ಲ. ನಾಯಕಿಯ ಮನೆತನದ ಹೆಸರು ಕಾಫಿನ್. ಅದರ ಮೊಟಕು ಕಾಫಿ. ಕಾಫಿನ್ ಅಂದರೆ ಇಂಗ್ಲಿಷಿನಲ್ಲಿ ಹೆಣದ ಪೆಟ್ಟಿಗೆ.

ಈ ಚಿತ್ರದ ಡಿಸ್ಕನ್ನು ನಾವು ಐದು ಜನ ಗೆಳೆಯರು ಒಂದು ರಾತ್ರಿ ಒಂದೇ ಕೋಣೆಯಲ್ಲಿ ಕೂತು ನೋಡಿದೆವು. ಮುಗಿದ ತಕ್ಷಣ ಒಬ್ಬರು "ಭೇಷ್! ಹೊಡೆದ್ರೆ ಹಿಂಗೆ ಹೊಡೀಬೇಕು" ಎಂದರು. ಇನ್ನೊಬ್ಬರು "ಥೂ, ಇದೇನ್ರೀ ಕಚಡಾ ಪಿಚ್ಚರು, ಇದಕ್ಕೂ ಚಳವಳಿಗೂ ಏನು ಸಂಬಂಧ?" ಎಂದು ಸಿಡುಕಿದರು. ನಮ್ಮ ಜೊತೆ ಒಬ್ಬ ಗೆಳತಿ ಇದ್ದರು. ಅವರೂ ನರ್ಸು, ವಾರ್ಡಿನಲ್ಲಿ ಎಲ್ಲರೂ 'ಸಿಸ್ಟರ್' ಅಂತ ಕೂಗುವವರು. ಅವರು ಎರಡು ಮಾತನ್ನೂ ಒಪ್ಪಲಿಲ್ಲ. ಆ ರಾತ್ರಿ ನಡೆದ ಜಗಳವೇ ಈ ಬರಹ. ನಮ್ಮ ಪ್ರಶ್ನೆ ಒಂದೇ: ತುಳಿಸಿಕೊಂಡವರ ಸಿಟ್ಟು ಸಂತೆಗೆ ಬಂದಾಗ ಅದು ಯಾರ ಸ್ವತ್ತಾಗುತ್ತದೆ?

ಮೊದಲು ಈ ಸರಕು ತಯಾರಾದ ಅಂಗಡಿಯನ್ನು ನೋಡೋಣ. 1960ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ದೊಡ್ಡ ಊರುಗಳ ನಡುಭಾಗದಿಂದ ಬಿಳಿಯರು ಹೊರವಲಯದ ಬಡಾವಣೆಗಳಿಗೆ ಹೊರಟುಹೋಗಿದ್ದರು. ಪೇಟೆಯ ಮಧ್ಯದ ಭಾರಿ ಟಾಕೀಸುಗಳು ಭಣಗುಡುತ್ತಿದ್ದವು. ಹಾಲಿವುಡ್ಡಿನ ಕಂಪನಿಗಳು ನಷ್ಟದಲ್ಲಿದ್ದವು. ಇಂಥ ಸಮಯದಲ್ಲಿ, 1971ರಲ್ಲಿ, ಮೆಲ್ವಿನ್ ವ್ಯಾನ್ ಪೀಬಲ್ಸ್ ಎಂಬ ಕಪ್ಪು ನಿರ್ದೇಶಕ ತಾನೇ ದುಡ್ಡು ಹೊಂದಿಸಿಕೊಂಡು 'ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡಾಸ್ ಸಾಂಗ್' ಎಂಬ ಚಿತ್ರ ತೆಗೆದ. ಅದನ್ನು ಹಾಕಲು ಮೊದಲಿಗೆ ಒಪ್ಪಿದ್ದು ಡೆಟ್ರಾಯಿಟ್ ಮತ್ತು ಅಟ್ಲಾಂಟಾದ ಎರಡೇ ಟಾಕೀಸು. ಬಿಳಿ ಪೊಲೀಸರನ್ನು ಬಡಿದ ಕರಿಯ ಅದರಲ್ಲಿ ಕೊನೆಗೆ ಸಾಯುವುದಿಲ್ಲ, ತಪ್ಪಿಸಿಕೊಂಡು ಹೋಗುತ್ತಾನೆ. ಅಷ್ಟು ಸಾಕಾಯಿತು. ಜನ ಸಾಲುಗಟ್ಟಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ನಾಯಕ ಹ್ಯೂಯಿ ನ್ಯೂಟನ್ ತಮ್ಮ ಪತ್ರಿಕೆಯಲ್ಲೇ ಅದನ್ನು ಹೊಗಳಿ ಬರೆದ.

ಅದೇ ವರ್ಷ ಎಂಜಿಎಂ ಕಂಪನಿ ಕಡಿಮೆ ಖರ್ಚಿನಲ್ಲಿ 'ಶಾಫ್ಟ್' ತೆಗೆಸಿತು; ಹಾಕಿದ್ದರ ಹಲವು ಪಟ್ಟು ದುಡಿಯಿತು. ವ್ಯಾಪಾರಿಗಳಿಗೆ ಜ್ಞಾನೋದಯವಾಯಿತು: ಅರೆ, ಕಪ್ಪು ಜನರ ಜೇಬಿನಲ್ಲೂ ದುಡ್ಡಿದೆ! ಆಮೇಲೆ ನಾಲ್ಕೈದು ವರ್ಷ ಇಂಥ ಚಿತ್ರಗಳು ಹೊಳೆಯಾಗಿ ಹರಿದವು. 1972ರಲ್ಲಿ, ಕರಿಯರ ಹಳೆಯ ಸಂಸ್ಥೆಯಾದ ಎನ್.ಎ.ಎ.ಸಿ.ಪಿ.ಯ ಹಾಲಿವುಡ್ ಶಾಖೆಯ ಮುಖ್ಯಸ್ಥ ಜೂನಿಯಸ್ ಗ್ರಿಫಿನ್ ಇವಕ್ಕೆ ಒಂದು ಹೆಸರಿಟ್ಟರು: ಬ್ಲ್ಯಾಕ್ಸ್‌ಪ್ಲಾಯ್ಟೇಷನ್. 'ಕಪ್ಪು' ಮತ್ತು 'ಶೋಷಣೆ' ಎಂಬೆರಡು ಮಾತನ್ನು ಬೆಸೆದು ಮಾಡಿದ ಬೈಗುಳ ಅದು. ನಮ್ಮ ಜನರನ್ನು ತಲೆಹಿಡುಕರು, ದಂಧೆಕೋರರು ಅಂತ ತೋರಿಸಿ ನಮ್ಮ ಜನರಿಂದಲೇ ಟಿಕೆಟ್ಟಿನ ದುಡ್ಡು ಕೀಳುತ್ತಿದ್ದೀರಿ ಎನ್ನುವುದು ಆ ಬೈಗುಳದ ಸಾರ.

'ಕಾಫಿ'ಯನ್ನು ತೆಗೆದದ್ದು ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಅಗ್ಗದ ಚಿತ್ರಗಳ ಕಂಪನಿ. ಕಪ್ಪು ನಾಯಕಿಯ 'ಕ್ಲಿಯೋಪಾತ್ರಾ ಜೋನ್ಸ್' ಎಂಬ ಚಿತ್ರ ಇವರ ಕೈತಪ್ಪಿ ವಾರ್ನರ್ ಬ್ರದರ್ಸ್ ಪಾಲಾಯಿತು. ಹಾಗಾದರೆ ಅವರಿಗಿಂತ ಮೊದಲು ನಾವೇ ಒಂದು ಬಿಡೋಣ ಎಂದು ಜ್ಯಾಕ್ ಹಿಲ್ ಎಂಬ ಬಿಳಿ ನಿರ್ದೇಶಕನಿಗೆ ಹೇಳಿ ಬರೆಸಿ, ತೆಗೆಸಿದರು. ಸುಮಾರು 5 ಲಕ್ಷ ಡಾಲರ್ ಖರ್ಚು, ಕೆಲವೇ ವಾರಗಳ ಚಿತ್ರೀಕರಣ. 'ಕ್ಲಿಯೋಪಾತ್ರಾ ಜೋನ್ಸ್'ಗಿಂತ ಮೊದಲೇ ತೆರೆಗೆ ಬಂತು, ದುಡ್ಡೂ ಬಂತು. ಅಂದರೆ ಈ ಸೇಡಿನ ಚಿತ್ರದ ಹಿಂದಿದ್ದ ಮೊದಲ ಸೇಡು ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಯ ಮೇಲೆ ತೀರಿಸಿಕೊಂಡದ್ದು. ಕಪ್ಪು ಹೆಣ್ಣಿನ ಸಿಟ್ಟನ್ನು ಬರೆದವನು ಬಿಳಿ ಗಂಡಸು. ಹಣ ಹಾಕಿದವರು, ಲಾಭ ಎಣಿಸಿಕೊಂಡವರು ಬಿಳಿಯರು. ಕರಿಯರದು ಅಂತ ಇದ್ದದ್ದು ತೆರೆಯ ಮೇಲಿನ ಮುಖಗಳು, ರಾಯ್ ಏಯರ್ಸ್ ಕೊಟ್ಟ ಸಂಗೀತ, ಮತ್ತು ಟಿಕೆಟ್ಟು ಕೊಂಡ ಪ್ರೇಕ್ಷಕರು.

ಇಷ್ಟು ತಿಳಿದ ಮೇಲೆ 'ಕಚಡಾ' ಎಂದು ಕೈ ತೊಳೆದುಕೊಳ್ಳುವುದು ಬಹಳ ಸುಲಭ. ಆದರೆ ನಮಗೆ ಈ ಕೈ ತೊಳೆಯುವ ಚಟದ ಬಗ್ಗೆಯೇ ಅನುಮಾನ. ಯಾವುದು ಕಾಳು, ಯಾವುದು ಹೊಟ್ಟು ಎಂದು ತೂರಿ ಹೇಳುವ ಮೊರ ಯಾರ ಕೈಯಲ್ಲಿದೆ? 'ಕಾಫಿ' ಬಂದ ಅದೇ 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ನಿಂತು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಒಂದು ಮಾತಿಗೆ ನಾಡೆಲ್ಲ ಗಲಾಟೆ, ದಲಿತ ಹುಡುಗರ ಮೇಲೆ ಹಲ್ಲೆ. ಕೊನೆಗೆ ಅವರು ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ಬೂಸಾ ಅನ್ನುವ ತೀರ್ಪು ಮೇಲಿನವರು ಕೊಟ್ಟರೆ ಅದು ವಿಮರ್ಶೆ, ಕೆಳಗಿನವರು ಕೊಟ್ಟರೆ ಅದು ಅಪರಾಧ. ಈ ಪಾಠವನ್ನು ಕಲಿತವರು ನಾವು. ಆದ್ದರಿಂದ ಜನ ಸಾಲುಗಟ್ಟಿ ನೋಡಿದ್ದನ್ನು ಬೂಸಾ ಎನ್ನುವ ಮೊದಲು, ಆ ಜನ ಅದರಲ್ಲಿ ಏನು ಕಂಡರು ಎಂದು ಕೇಳಲೇಬೇಕು.

ಏನು ಕಂಡರು? ಚಿತ್ರದ ಮೊದಲಲ್ಲೇ ಕಾಫಿ ನಶೆಗಾಗಿ ಹಂಬಲಿಸುವ ಹೆಣ್ಣಿನ ಸೋಗು ಹಾಕಿ ಒಬ್ಬ ದಂಧೆಕೋರನ ಕೋಣೆಗೆ ಹೋಗುತ್ತಾಳೆ. ಅವನ ತಲೆಗೆ ಬಂದೂಕು ಹಾರಿಸುತ್ತಾಳೆ. ಅವನ ಜೊತೆಗಾರನಿಗೆ ಅವರದೇ ಹೆರಾಯಿನನ್ನು ಸಾಯುವಷ್ಟು ಚುಚ್ಚಿಕೊಳ್ಳುವಂತೆ ಮಾಡುತ್ತಾಳೆ. ಅಲ್ಲಿಂದ ಎಲ್ಲಿಗೆ ಹೋಗುತ್ತಾಳೆ? ಡ್ಯೂಟಿಗೆ. ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಪಕ್ಕ ನಿಲ್ಲುತ್ತಾಳೆ, ಕೈ ತಡವರಿಸುತ್ತದೆ. ನಮ್ಮ ಗೆಳತಿ ಅಲ್ಲಿ ಡಿಸ್ಕು ನಿಲ್ಲಿಸಿದರು. "ನೋಡ್ರಿ, ಇಡೀ ಪಿಚ್ಚರಲ್ಲಿ ಬಂದೂಕಿಗಿಂತ ನಿಜವಾದದ್ದು ಇದೊಂದೇ. ರಾತ್ರಿ ಏನೇ ಆಗಿರಲಿ, ಮಗು ಸತ್ತಿರಲಿ, ಗಂಡ ಹೊಡೆದಿರಲಿ, ಬೆಳಿಗ್ಗೆ ಯೂನಿಫಾರಂ ಹಾಕ್ಕೊಂಡು ಹೋಗಿ ನಿಲ್ಲಲೇಬೇಕು. ಕೈ ನಡುಗಿದ್ರೆ ಬೈಸ್ಕೋಬೇಕು" ಎಂದರು. ನಮ್ಮಲ್ಲಿ ಸಿಟ್ಟಿನ ಹೆಣ್ಣು ಬಂದರೆ ಮಾರಮ್ಮನಾಗಿ ಬರುತ್ತಾಳೆ, ದೇವರಾಗಿ ಬರುತ್ತಾಳೆ. ಅವಳಿಗೆ ಹಾಜರಿ ಪುಸ್ತಕ ಇಲ್ಲ. ಇವಳಿಗೆ ಇದೆ. ಸಂಬಳಕ್ಕೆ ದುಡಿಯುವ ಹೆಣ್ಣೊಬ್ಬಳಿಗೆ ಇಷ್ಟು ಸಿಟ್ಟು ಇರಬಹುದು ಎಂದು ಹಾಲಿವುಡ್ಡಿನ ದೊಡ್ಡ ಕಂಪನಿಗಳು ಅಲ್ಲಿಯವರೆಗೆ ಎಂದಾದರೂ ತೋರಿಸಿದ್ದವೆ? ಅವರ ಚಿತ್ರಗಳಲ್ಲಿ ಕಪ್ಪು ಹೆಣ್ಣು ಅಡುಗೆಮನೆಯಲ್ಲಿ ಬಿಳಿ ಮಕ್ಕಳಿಗೆ ತಟ್ಟೆ ಹಾಕುವ ದಾದಿ.

ಎರಡನೆಯದಾಗಿ, ಈ ಅಗ್ಗದ ಚಿತ್ರಕ್ಕೆ ವ್ಯವಸ್ಥೆಯ ಮೆಟ್ಟಿಲುಗಳು ಗೊತ್ತು. ಕಾರ್ಟರ್ ಎಂಬ ಪ್ರಾಮಾಣಿಕ ಕಪ್ಪು ಪೊಲೀಸಿನವನು ಕಾಫಿಗೆ ಬುದ್ಧಿ ಹೇಳುತ್ತಾನೆ: ನಿನ್ನ ತಂಗಿಗೆ ಮಾಲು ಮಾರಿದವನು ಒಂದು ಉದ್ದನೆಯ ಸರಪಳಿಯ ಒಂದು ಕೊಂಡಿ ಅಷ್ಟೆ, ಅದರ ಆ ತುದಿಯಲ್ಲಿ ಎಲ್ಲೋ ಪರದೇಶದ ಬಡ ರೈತ ಇದ್ದಾನೆ, ಎಲ್ಲರನ್ನೂ ಕೊಲ್ಲುತ್ತೀಯಾ? ಲಂಚ ಮುಟ್ಟದ ತಪ್ಪಿಗೆ ಆ ಕಾರ್ಟರನನ್ನೇ ಮುಸುಕುಧಾರಿಗಳು ಬಡಿದು ಬುದ್ಧಿ ಇಲ್ಲದ ಜೀವಚ್ಛವ ಮಾಡಿಹಾಕುತ್ತಾರೆ. ಕಾಫಿ ಮೆಟ್ಟಿಲು ಹತ್ತುತ್ತಾಳೆ. ಬೀದಿಯ ದಂಧೆಕೋರ, ಅವನ ಮೇಲೆ ಕಿಂಗ್ ಜಾರ್ಜ್ ಎಂಬ ಥಳಕಿನ ತಲೆಹಿಡುಕ, ಅವನ ಮೇಲೆ ವಿಟ್ರೋನಿ ಎಂಬ ಬಿಳಿ ದಂಧೆಯ ದೊರೆ, ಅವನ ಜೊತೆ ಪೊಲೀಸು. ಬೇಲಿಯೇ ಎದ್ದು ಹೊಲ ಮೇಯುವ ಕತೆ. ಮೇಲಿನ ಮೆಟ್ಟಿಲಲ್ಲಿ ಕೂತಿರುವವನು ಯಾರು? ಅವಳ ಸ್ವಂತ ಪ್ರಿಯಕರ ಹೊವಾರ್ಡ್. ನಗರಸಭೆಯ ಸದಸ್ಯ, ಅಮೆರಿಕದ ಸಂಸತ್ತಿಗೆ ನಿಂತಿರುವ ಕಪ್ಪು ನಾಯಕ, ಜನಾಂಗದ ಹೆಸರಿನಲ್ಲಿ ಭಾಷಣ ಮಾಡುವವನು.

ಈ ಹೊವಾರ್ಡನನ್ನು ನೋಡಿದಾಗ ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಕಡೆ ಕೂತು 'ನನಗೆ ಬಣ್ಣ ಮುಖ್ಯವಲ್ಲ, ನೋಟು ಮುಖ್ಯ' ಎಂಬರ್ಥದ ಮಾತಾಡುವವನು ಅವನೇ. ಕಾಫಿಯನ್ನು ಹಿಡಿದು ತಂದು ಎದುರು ನಿಲ್ಲಿಸಿದಾಗ, ಇವಳಿಗೂ ನನಗೂ ಅಂಥ ಸಂಬಂಧವೇನಿಲ್ಲ ಎಂದು ಕೈಬಿಡುವವನೂ ಅವನೇ. ಕೊನೆಗೆ ಬಂದೂಕಿನ ಬಾಯಿಯ ಮುಂದೆ ನಿಂತಾಗ, ಎಲ್ಲ ನಮ್ಮ ಜನರಿಗಾಗಿಯೇ ಮಾಡಿದ್ದು ಎಂದು ಎಷ್ಟು ಚೆನ್ನಾಗಿ ಮಾತಾಡುತ್ತಾನೆಂದರೆ, ಅವಳ ಮನಸ್ಸು ಒಂದು ಗಳಿಗೆ ಕರಗುತ್ತದೆ. ವಿಮೋಚನೆಯ ಭಾಷೆ ಕಲಿತ ನಾಲಿಗೆ ಹೇಗೆ ಮಾರಾಟವಾಗುತ್ತದೆ ಎನ್ನುವುದನ್ನು ತಿಳಿಯಲು ನಾವು ದೊಡ್ಡ ಗ್ರಂಥ ಓದಬೇಕಾಗಿಲ್ಲ. ವೇದಿಕೆಯ ಮೇಲೆ ನಮ್ಮ ಹೆಸರು ಹೇಳಿ ಕೆಳಗಿಳಿದು ಯಾರದೋ ಕಾರು ಹತ್ತುವವರನ್ನು ಎಲ್ಲ ಚಳವಳಿಯೂ ಕಂಡಿದೆ. ಬಿಳಿ ಖಳನನ್ನು ತೋರಿಸಿ ಕೈ ಬಿಡಬಹುದಾಗಿದ್ದ ಚಿತ್ರ ಕೊನೆಯ ಗುಂಡನ್ನು ಇವನಿಗೆ ಉಳಿಸಿಕೊಂಡಿದೆ. ಇದು ಕಚಡಾ ಅಲ್ಲ, ಇದು ತಿಳಿವಳಿಕೆ.

ಆದರೆ ಇಲ್ಲೇ ನಿಂತರೆ ನಾವೂ ಅರ್ಧ ವಿಮರ್ಶೆ ಮಾಡಿದ ಹಾಗೆ. ಕಿಂಗ್ ಜಾರ್ಜನ ಸಾವನ್ನು ನೋಡಿ. ವಿಟ್ರೋನಿಯ ಕೈಗೆ ಸಿಕ್ಕಿಬಿದ್ದ ಕಾಫಿ, ನನ್ನನ್ನು ಕಳಿಸಿದ್ದು ಕಿಂಗ್ ಜಾರ್ಜ್ ಎಂದು ಸುಳ್ಳು ಹೇಳುತ್ತಾಳೆ. ವಿಟ್ರೋನಿಯ ಜನ ಅವನ ಕೊರಳಿಗೆ ಕುಣಿಕೆ ಹಾಕಿ ಕಾರಿಗೆ ಕಟ್ಟಿ ರಸ್ತೆಯುದ್ದಕ್ಕೂ ಎಳೆದು ಕೊಲ್ಲುತ್ತಾರೆ. ಕರಿಯರನ್ನು ಹಿಡಿದು ಗುಂಪಾಗಿ ನೇಣು ಹಾಕುತ್ತಿದ್ದ ಲಿಂಚಿಂಗ್‌ನ ನೆನಪನ್ನು ನಿರ್ದೇಶಕ ಬೇಕೆಂದೇ ಕೆರಳಿಸಿದ್ದಾನೆ. ಅವನು ಹೆಣ್ಣುಗಳನ್ನು ಮಾರಿದವನು, ವಿಷ ಮಾರಿದವನು, ನಿಜ. ಆದರೂ ಆ ಕುಣಿಕೆಯನ್ನು ಬಿಳಿಯರ ಕೈಗೆ ಕೊಟ್ಟದ್ದು ಇವಳ ಸುಳ್ಳು. ಈ ಭಾರವನ್ನು ಚಿತ್ರ ಅವಳ ಮುಖದ ಮೇಲೆ ಒಂದು ಗಳಿಗೆಯೂ ಇಳಿಸುವುದಿಲ್ಲ. ಮುಂದಿನ ಹೊಡೆದಾಟಕ್ಕೆ ಅವಸರ. ಸೇಡಿನ ಚಿತ್ರಕ್ಕೆ ಹೆಣ ಲೆಕ್ಕಕ್ಕೆ ಬರುತ್ತದೆ, ಸಾವು ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಹೆಣ್ಣಿನ ಮೈಯ ಪ್ರಶ್ನೆ. ನಮ್ಮ ಗೆಳತಿ ಕೇಳಿದ ಮಾತನ್ನೇ ಇಲ್ಲಿ ಇಡುತ್ತೇವೆ: "ಅವಳು ಬಂದೂಕು ಎತ್ತೋಕೆ ಮುಂಚೆ ಪ್ರತಿ ಸಲ ಬಟ್ಟೆ ಯಾಕೆ ಬಿಚ್ಚಬೇಕು?" ನಮ್ಮಲ್ಲಿ ಗಂಡಸರ ಬಳಿ ಉತ್ತರ ಇರಲಿಲ್ಲ. ಒಬ್ಬರು, ಶತ್ರುವಿನ ಕಾಮವನ್ನೇ ಅವಳು ಗಾಳ ಮಾಡಿಕೊಂಡಿದ್ದಾಳೆ ಎಂದು ವಾದಿಸಿದರು. ಅದೂ ಸುಳ್ಳಲ್ಲ. ಬೆಲೆವೆಣ್ಣಿನ ವೇಷದಲ್ಲಿ ವಿಟ್ರೋನಿಯ ಔತಣಕ್ಕೆ ಹೋದಾಗ ಅವಳ ಗುಂಗುರು ಕೂದಲೊಳಗೆ ಬ್ಲೇಡು ಅಡಗಿದೆ. ಮೇಲೆ ಬಿದ್ದು ಕೂದಲು ಹಿಡಿದವಳ ಕೈ ಸೀಳಿಹೋಗುತ್ತದೆ. ಕೊನೆಯಲ್ಲಿ ಅವಳನ್ನು ಉಳಿಸುವುದೂ ಕೂದಲಲ್ಲಿ ಬಚ್ಚಿಟ್ಟ ಚೂಪಾದ ಪಿನ್ನು. ಅವಳನ್ನು ಕೊಲ್ಲಲೆಂದು ಚುಚ್ಚಿದ ಹೆರಾಯಿನ್ ಹೆರಾಯಿನೇ ಅಲ್ಲ. ಕಿಂಗ್ ಜಾರ್ಜನ ದಾಸ್ತಾನಿನಲ್ಲಿ ಅವಳೇ ಮೊದಲು ಸಕ್ಕರೆ ಬೆರೆಸಿಟ್ಟಿದ್ದಳು. ಬಡ ಹೆಣ್ಣಿನ ಆಯುಧಗಳು ಇವು: ಪಿನ್ನು, ಬ್ಲೇಡು, ಅಡುಗೆಮನೆಯ ಸಕ್ಕರೆ. ಟಾಕೀಸಿನ ಹೆಂಗಸರು ಇದನ್ನು ನೋಡಿ ನಕ್ಕಿರಲೇಬೇಕು.

ಆದರೆ ಗಾಳ ಹಾಕಿದವಳು ಅವಳೊಬ್ಬಳೇ ಅಲ್ಲವಲ್ಲ. ಅದೇ ಮೈಯನ್ನು ಗಾಳಕ್ಕೆ ಸಿಕ್ಕಿಸಿ ಕಂಪನಿಯವನೂ ಪ್ರೇಕ್ಷಕನ ಕಡೆಗೆ ಎಸೆದಿದ್ದಾನೆ. ವಿಟ್ರೋನಿ ಯಾವ ಕಣ್ಣಿನಿಂದ ಅವಳನ್ನು ನೋಡುತ್ತಾನೋ ಕ್ಯಾಮೆರಾ ಕೂಡ ಅದೇ ಕಣ್ಣಿನಿಂದ ನೋಡುತ್ತದೆ. ವ್ಯತ್ಯಾಸ ಒಂದೇ: ವಿಟ್ರೋನಿ ಕೊನೆಗೆ ಗುಂಡು ತಿಂದ, ಕ್ಯಾಮೆರಾ ತಿನ್ನಲಿಲ್ಲ. ಮುಖ್ಯ ಪಾತ್ರ ಮಾಡಿದ ಪ್ಯಾಮ್ ಗ್ರಿಯರ್ ಇದೇ ಕಂಪನಿಯ ಕಚೇರಿಯಲ್ಲಿ ಟೆಲಿಫೋನು ಎತ್ತುವ ಕೆಲಸ ಮಾಡಿದ್ದವರು. ಅವರ ತಾಯಿ ನರ್ಸು. ಈ ಪಾತ್ರದಲ್ಲಿ ಏನಾದರೂ ಘನತೆ ಉಳಿದಿದ್ದರೆ ಅದು ಕಾಗದದ ಮೇಲಿದ್ದದ್ದಲ್ಲ, ಆ ಹೆಣ್ಣುಮಗಳು ತನ್ನ ಮನೆಯಿಂದ ತಂದದ್ದು. ತಂಗಿಯನ್ನು ಕಾಣುವ ದೃಶ್ಯದಲ್ಲಿ, ಹಾಸಿಗೆ ಹಿಡಿದ ಕಾರ್ಟರನ ಪಕ್ಕ ಕೂತ ದೃಶ್ಯದಲ್ಲಿ ಆ ಮುಖವನ್ನು ನೋಡಿ. ಅಲ್ಲಿ ಕ್ಯಾಮೆರಾ ಏನೂ ಮಾಡಲಾಗದೆ ಸುಮ್ಮನಿದೆ. 1975ರ ಆಗಸ್ಟಿನಲ್ಲಿ ಅಮೆರಿಕದ ಸ್ತ್ರೀವಾದಿ ಪತ್ರಿಕೆ 'ಮಿಸ್' ಅವರ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಹೆಣ್ಣನ್ನು ಮಾರಿದ ಚಿತ್ರವೇ ಹೆಣ್ಣೊಬ್ಬಳಿಗೆ ನಿಲ್ಲಲು ಜಾಗ ಕೊಟ್ಟಿತು. ಎರಡೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳುವುದು ಪ್ರಾಮಾಣಿಕತೆಯಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಸೇಡು ಮತ್ತು ನ್ಯಾಯ ಒಂದೇ ಏನು?

ಮರುವರ್ಷ, 1974ರಲ್ಲಿ, ಅದೇ ಕಂಪನಿ, ಅದೇ ಹಿಲ್, ಅದೇ ಗ್ರಿಯರ್ ಸೇರಿ 'ಫಾಕ್ಸಿ ಬ್ರೌನ್' ತೆಗೆದರು. 'ಕಾಫಿ'ಯ ಮುಂದಿನ ಭಾಗವಾಗಬೇಕಿದ್ದ ಚಿತ್ರ ಅದು. ಅದರಲ್ಲಿ ನಾಯಕಿ ಕೇರಿಯನ್ನು ಕಾಯುವ ಕಪ್ಪು ಯುವಕರ ಒಂದು ಸಮಿತಿಯ ಮುಂದೆ ನಿಂತು ಸಹಾಯ ಕೇಳುತ್ತಾಳೆ. ನನ್ನೊಬ್ಬಳಿಗಲ್ಲ, ಹೀಗೆ ನೊಂದ ಎಲ್ಲರಿಗೂ ನ್ಯಾಯ ಬೇಕು ಎನ್ನುತ್ತಾಳೆ. ಒಬ್ಬ ಹೇಳುತ್ತಾನೆ: ಸಿಸ್ಟರ್, ನೀನು ಕೇಳುತ್ತಿರುವುದು ಸೇಡಲ್ಲವೆ? ಅವಳ ಉತ್ತರ: ನ್ಯಾಯವನ್ನು ನೀವು ನೋಡಿಕೊಳ್ಳಿ, ಸೇಡನ್ನು ನಾನೇ ನೋಡಿಕೊಳ್ಳುತ್ತೇನೆ. ಈ ಎರಡು ಚಿತ್ರಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು ಇದು ಎಂದು ನಮಗೆ ಅನ್ನಿಸುತ್ತದೆ. ಸಂಘಟನೆ ಅಲ್ಲಿ ಕೆಲವು ನಿಮಿಷಕ್ಕೆ ಬಂದು ಹೋಗುತ್ತದೆ. ಸೇಡು ಚಿತ್ರವನ್ನೆಲ್ಲ ಆಳುತ್ತದೆ.

ಯಾಕೆ ಹೀಗೆ? ಪರದೆಯ ಹೊರಗೆ ಏನು ನಡೆದಿತ್ತು ನೋಡಬೇಕು. ಕೇರಿಯ ಮಕ್ಕಳಿಗೆ ಬೆಳಗಿನ ತಿಂಡಿ ಹಾಕುತ್ತಿದ್ದ, ಉಚಿತ ದವಾಖಾನೆ ನಡೆಸುತ್ತಿದ್ದ, ಬಂದೂಕನ್ನೂ ಹಿಡಿದಿದ್ದ ಪ್ಯಾಂಥರ್ ಪಕ್ಷವನ್ನು ಅಮೆರಿಕದ ಸರ್ಕಾರ ಆ ಹೊತ್ತಿಗೆ ಒಡೆದುಹಾಕಿತ್ತು. 1969ರ ಡಿಸೆಂಬರ್ 4ರ ನಸುಕಿನಲ್ಲಿ ಷಿಕಾಗೋ ಪೊಲೀಸರು ಇಪ್ಪತ್ತೊಂದು ವರ್ಷದ ನಾಯಕ ಫ್ರೆಡ್ ಹ್ಯಾಂಪ್ಟನ್‌ನನ್ನು ಮಲಗಿದ ಹಾಸಿಗೆಯಲ್ಲೇ ಕೊಂದರು; ಮನೆಯ ನಕ್ಷೆ ಕೊಟ್ಟವನು ಎಫ್.ಬಿ.ಐ.ನ ಬೇಹುಗಾರ. ಗುಂಪಿನ ಕೈಯಿಂದ ಬಂದೂಕು ಕಿತ್ತುಕೊಂಡ ಮೇಲೆ, ಒಬ್ಬಳ ಕೈಗೆ ಬಂದೂಕು ಕೊಟ್ಟು ಪರದೆಯ ಮೇಲೆ ಬಿಟ್ಟರು.

ಇದು ನಮ್ಮ ಊಹೆಯಲ್ಲ ಎನ್ನಲು ಅದೇ 1973ರ ಇನ್ನೊಂದು ಚಿತ್ರವೇ ಸಾಕ್ಷಿ. ಸ್ಯಾಮ್ ಗ್ರೀನ್‌ಲೀ ಬರೆದ ಕಾದಂಬರಿಯಿಂದ ಐವನ್ ಡಿಕ್ಸನ್ ತೆಗೆದ 'ದ ಸ್ಪೂಕ್ ಹೂ ಸ್ಯಾಟ್ ಬೈ ದ ಡೋರ್'. ಬರೆದವನು, ತೆಗೆದವನು ಇಬ್ಬರೂ ಕರಿಯರು. ದುಡ್ಡಿನಲ್ಲೂ ಬಹಳಷ್ಟು ಕಪ್ಪು ಜನರಿಂದಲೇ ಎತ್ತಿದ್ದು. ಸಿ.ಐ.ಎ. ತನ್ನ ಮರ್ಯಾದೆಗಾಗಿ ಒಬ್ಬ ಕರಿಯನನ್ನು ಕೆಲಸಕ್ಕೆ ಸೇರಿಸಿಕೊಂಡು ಬಾಗಿಲ ಬಳಿ ಕೂರಿಸುತ್ತದೆ. ಅವನು ಅಲ್ಲಿನ ವಿದ್ಯೆಯನ್ನೆಲ್ಲ ಕಲಿತು, ಕೆಲಸ ಬಿಟ್ಟು ಷಿಕಾಗೋಗೆ ಬಂದು, ಬೀದಿಯ ಹುಡುಗರನ್ನು ಕಲೆಹಾಕಿ ತರಬೇತಿ ಕೊಟ್ಟು ದಂಗೆಗೆ ಅಣಿಮಾಡುತ್ತಾನೆ. ಇಲ್ಲಿ ಸೇಡಿಲ್ಲ, ಸಭೆ ಇದೆ, ಶಿಸ್ತಿದೆ, ಪಾಠವಿದೆ. ಈ ಚಿತ್ರದ ಗತಿ ಏನಾಯಿತು? ಕೆಲವೇ ವಾರಗಳಲ್ಲಿ ಟಾಕೀಸುಗಳಿಂದ ಎತ್ತಿಹಾಕಲಾಯಿತು. ಸರ್ಕಾರದ ಒತ್ತಡದಿಂದಲೇ ಎಂದು ಗ್ರೀನ್‌ಲೀ ಕೊನೆಯವರೆಗೂ ಹೇಳುತ್ತಿದ್ದರು. ನೆಗೆಟಿವನ್ನು ಬೇರೆ ಚಿತ್ರದ ಹೆಸರಿನಲ್ಲಿ ಬಚ್ಚಿಟ್ಟು ಉಳಿಸಿಕೊಳ್ಳಬೇಕಾಯಿತು. ಡಿವಿಡಿಯಾಗಿ ಹೊರಬಂದದ್ದು 2004ರಲ್ಲಿ. 2012ರಲ್ಲಿ ಅದೇ ಸರ್ಕಾರ ಅದನ್ನು ಕಾಪಾಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು! ಹಲ್ಲು ಕಿತ್ತ ಮೇಲೆ ಹಾವಿಗೆ ಹಾಲೆರೆಯುವುದು ಎಂದರೆ ಇದೇ.

ಒಬ್ಬಳ ಸೇಡಿಗೆ ಟಾಕೀಸು ಸಿಕ್ಕಿತು, ಹತ್ತು ಜನರ ಸಂಘಟನೆಗೆ ಸಿಗಲಿಲ್ಲ. ಬಂಡವಾಳಕ್ಕೆ ಸಿಟ್ಟಿನ ಭಯವಿಲ್ಲ, ಲೆಕ್ಕದ ಭಯ. ಸಿಟ್ಟನ್ನು ಒಂದೂವರೆ ಗ್ಯಾಂಟೆ ಉರಿಸಿ, ಆರಿಸಿ, ಬಾಗಿಲು ತೆಗೆದು ಮನೆಗೆ ಕಳಿಸಬಹುದು.

ದಂಧೆಕೋರನನ್ನು ಕೊಲ್ಲುವ ಈ ಆಸೆಯನ್ನು ಆಗ ಇನ್ನೊಬ್ಬರೂ ಬಳಸಿಕೊಂಡರು. 1973ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಗವರ್ನರ್ ರಾಕ್‌ಫೆಲ್ಲರ್ ಮಾದಕ ವಸ್ತುಗಳ ಮೇಲೆ ಒಂದು ಕಾನೂನು ತಂದ. ಒಂದಿಷ್ಟು ಹೆರಾಯಿನ್ ಮಾರಿದರೆ ಕನಿಷ್ಠ 15 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ತಮ್ಮ ಮಕ್ಕಳನ್ನು ಕಳಕೊಂಡ ಕೆಲವು ಕಪ್ಪು ಜನರೂ ಅದನ್ನು ಬೆಂಬಲಿಸಿದರು. ಅವರ ಸಂಕಟ ನಿಜವಾಗಿತ್ತು. ಮುಂದೆ ಮೂವತ್ತು ವರ್ಷ ಆ ಕಾನೂನಿನಡಿ ಜೈಲು ತುಂಬಿದವರು ಯಾರು? ವಿಟ್ರೋನಿಗಳಲ್ಲ, ಹೊವಾರ್ಡುಗಳಲ್ಲ. ಮೊದಲ ಮೆಟ್ಟಿಲಿನ ಕಪ್ಪು ಹುಡುಗರು, ಲ್ಯಾಟಿನೋ ಹುಡುಗರು. ಕಾಫಿ ಕೊನೆಯ ಮೆಟ್ಟಿಲವರೆಗೆ ಹತ್ತಿದಳು. ಕಾನೂನು ಮೊದಲ ಮೆಟ್ಟಿಲಲ್ಲೇ ಕೂತುಬಿಟ್ಟಿತು.

ಇನ್ನು ಡಿಸ್ಕಿನ ಮಾತು. 1970ರ ದಶಕದ ನಡುವಿಗೇ ಕಂಪನಿಗಳು ಈ ಅಂಗಡಿ ಮುಚ್ಚಿದವು. ದೊಡ್ಡ ಚಿತ್ರಗಳಿಗೂ ಕಪ್ಪು ಜನ ಬರುತ್ತಾರೆ, ಅವರಿಗೆ ಬೇರೆ ಅಡುಗೆ ಯಾಕೆ ಎಂದು ಎಲೆ ಎತ್ತಿದರು. ಕೆಲಸವಿಲ್ಲದೆ ಕೂತವರು ಕಪ್ಪು ನಟರು. ಆಮೇಲೆ ಈ ಚಿತ್ರಗಳು ಉಳಿದದ್ದು ವೀಡಿಯೋ ಕ್ಯಾಸೆಟ್ಟುಗಳಲ್ಲಿ. 2001ರಲ್ಲಿ 'ಕಾಫಿ' ಡಿವಿಡಿಯಾಯಿತು, 2015ರಲ್ಲಿ ಹೊಳೆಯುವ ಬ್ಲೂ-ರೇ ಆಯಿತು. ಚಿತ್ರದ ಒಡೆತನವನ್ನು ಹಿಡಿದು ಹೋದರೆ ಒಂದು ವಂಶಾವಳಿಯೇ ಸಿಗುತ್ತದೆ. ತೆಗೆದ ಕಂಪನಿ 1979ರಲ್ಲಿ ಫಿಲ್ಮ್‌ವೇಸ್ ಹೊಟ್ಟೆ ಸೇರಿತು. ಫಿಲ್ಮ್‌ವೇಸ್ 1982ರಲ್ಲಿ ಓರಿಯನ್ ಆಯಿತು. ಓರಿಯನ್‌ನನ್ನು 1997ರಲ್ಲಿ ಎಂಜಿಎಂ ನುಂಗಿತು. ಎಂಜಿಎಂ ಅನ್ನು 2022ರಲ್ಲಿ ಸುಮಾರು 850 ಕೋಟಿ ಡಾಲರಿಗೆ ಅಮೆಜಾನ್ ಕೊಂಡಿತು. ನರ್ಸಿನ ಸಿಟ್ಟು ಹೀಗೆ ಕೈಯಿಂದ ಕೈಗೆ ದಾಟಿ ಲೋಕದ ಬಹುದೊಡ್ಡ ಅಂಗಡಿಯ ಗೋದಾಮಿಗೆ ಬಂದು ಸೇರಿದೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರೆ. ಇಲ್ಲಿ ಯಾರದೋ ಸಿಟ್ಟು, ಯಾರದೋ ಜಾತ್ರೆ.

ಡಿವಿಡಿಯಲ್ಲಿ ಚಿತ್ರ ಓಡುತ್ತಿರುವಾಗಲೇ ನಿರ್ದೇಶಕ ಹಿಲ್ ಮಾತಾಡುವುದನ್ನು ಕೇಳಬಹುದು. ಬಿಡಿ, ಅವನು ತೆಗೆದವನು, ಹೇಳಲಿ. ಆದರೆ ಇನ್ನೊಂದು ದನಿ ಯಾವ ಡಿಸ್ಕಿನಲ್ಲೂ ಇಲ್ಲ. ನಮ್ಮ ಟೆಂಟುಗಳ ಗಾಂಧಿ ಕ್ಲಾಸಿನಲ್ಲಿ ಕೂತು ಬೆಳೆದವರಿಗೆ ಗೊತ್ತು, ಇಂಥ ಚಿತ್ರ ಅರ್ಧ ಪರದೆಯ ಮೇಲೆ, ಅರ್ಧ ನೆಲದ ಮೇಲೆ. ಶಿಳ್ಳೆ, ಬೈಗುಳ, 'ಹೊಡಿ ಅವನ್ನ' ಅನ್ನುವ ಕೂಗು, ಪಕ್ಕದವಳು ಸೆರಗಲ್ಲಿ ಕಣ್ಣೊರೆಸಿಕೊಳ್ಳುವುದು, ಇವೆಲ್ಲ ಸೇರಿದರೆ ಚಿತ್ರ. ಷಿಕಾಗೋದ, ಡೆಟ್ರಾಯಿಟಿನ ಟಾಕೀಸುಗಳಲ್ಲಿ ಕೂತ ಜನ ಒಬ್ಬರ ಸಿಟ್ಟನ್ನು ಇನ್ನೊಬ್ಬರು ಕೇಳಿಸಿಕೊಂಡರು. ನಾನೊಬ್ಬನೇ ಅಲ್ಲ ಎಂದು ಗೊತ್ತಾಗುವುದೇ ಸಂಘಟನೆಯ ಮೊದಲ ಪಾಠ. ಕಂಪನಿ ಬಯಸದಿದ್ದರೂ ಆ ಕತ್ತಲಲ್ಲಿ ಆ ಪಾಠ ನಡೆಯಿತು. ಒಬ್ಬನೇ ಮನೆಯಲ್ಲಿ ಕೂತು ನೋಡುವವನಿಗೆ ಆ ಕೂಗು ಇಲ್ಲ. ಉಳಿಯುವುದು ರಕ್ತ ಮತ್ತು ಬೆತ್ತಲೆ. ಚಿತ್ರವನ್ನು ಉಳಿಸಿದ ಡಿಸ್ಕು ಪ್ರೇಕ್ಷಕರನ್ನು ಉಳಿಸಲಿಲ್ಲ. ನಾವು ಐದು ಜನ ಒಟ್ಟಿಗೆ ನೋಡಿ ಜಗಳವಾಡಿದ್ದರಿಂದಲೇ ಇಷ್ಟಾದರೂ ಹೇಳಲು ಸಾಧ್ಯವಾಯಿತು.

ಇದೆಲ್ಲ ಪರದೇಶದ ಮಾತು, ನಮಗೇನು ಎನ್ನುವವರಿಗೆ ಒಂದು ನೆನಪು. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬೋಯ್ಸ್‌ಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಡುತ್ತಿದ್ದ ಮನವಿಯ ಪ್ರತಿ ಕೇಳಿದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮನ್ನು ದಲಿತ ಪ್ಯಾಂಥರ್ ಎಂದು ಕರೆದುಕೊಂಡರು. ಅವರು ಹ್ಯೂಯಿ ನ್ಯೂಟನ್‌ನ ಪಕ್ಷದಿಂದ ಹೆಸರು ತಂದರೇ ಹೊರತು 'ಶಾಫ್ಟ್'ನಿಂದ ಅಲ್ಲ. ಆಯ್ಕೆ ಅಲ್ಲೇ ಇದೆ. ಸಿಟ್ಟು ಎರಡರಲ್ಲೂ ಇತ್ತು. ಒಂದರಲ್ಲಿ ಅದು ಹತ್ತು ಜನ ಕೂತು ಮಾತಾಡಿದ ಸಿಟ್ಟು, ಇನ್ನೊಂದರಲ್ಲಿ ಟಿಕೆಟ್ಟು ಹರಿದು ಕೊಟ್ಟ ಸಿಟ್ಟು.

ಹಾಗೆಂದು ಟಿಕೆಟ್ಟು ಕೊಂಡವರನ್ನು ನಾವು ಹೀಗಳೆಯುವುದಿಲ್ಲ. ಅವರು ಕೊಂಡದ್ದು ತಮ್ಮದೇ ಸಿಟ್ಟನ್ನು, ಅದೂ ಕಾಸು ಕೊಟ್ಟು. ತಪ್ಪು ಅವರದಲ್ಲ. ನಾಳೆ ನಮ್ಮ ಸಿಟ್ಟನ್ನೂ ಚೆಂದದ ಪೆಟ್ಟಿಗೆಯಲ್ಲಿ ಹಾಕಿ ನಮಗೇ ಮಾರುವವರು ಬರುತ್ತಾರೆ. ಆಗ ಕೇಳಬೇಕಾದ್ದು ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅನ್ನುವುದಷ್ಟೇ ಅಲ್ಲ. ಇದನ್ನು ಬರೆದವರು ಯಾರು, ನೋಡಿದ ಕಣ್ಣು ಯಾರದು, ಬೀಗದ ಕೈ ಯಾರ ಹತ್ತಿರ ಇದೆ ಎಂದೂ ಕೇಳಬೇಕು.

ಕೊನೆಯ ದೃಶ್ಯದಲ್ಲಿ ಹೊವಾರ್ಡನಿಗೆ ಗುಂಡು ಹೊಡೆದ ಕಾಫಿ ಸಮುದ್ರದ ದಂಡೆಯಲ್ಲಿ ಒಬ್ಬಳೇ ನಡೆದುಹೋಗುತ್ತಾಳೆ. ಗೆದ್ದವಳ ನಡಿಗೆ ಅದಲ್ಲ. ಡಿಸ್ಕು ನಿಂತ ಮೇಲೆ ನಾವೆಲ್ಲ ಹೊವಾರ್ಡನ ಬಗ್ಗೆ, ಬಂದೂಕಿನ ಬಗ್ಗೆ ಮಾತಾಡುತ್ತಿದ್ದೆವು. ನಮ್ಮ ಗೆಳತಿ ಮಾತ್ರ ಬೇರೆಯೇ ಕೇಳಿದರು: "ಆ ಹುಡುಗಿ ಲುಬೆಲ್ ಏನಾದ್ಲು? ಗುಣ ಆಯ್ತಾ ಇಲ್ವಾ?"

ಚಿತ್ರ ಅದನ್ನು ಹೇಳುವುದಿಲ್ಲ. ಸೇಡಿಗೆ ಕಾರಣವಾಗಿದ್ದ ಆ ಕೂಸು ಕೊನೆಯ ದೃಶ್ಯದಲ್ಲಿ ಇಲ್ಲ. ಎಲ್ಲ ಖಳರೂ ಸತ್ತಿದ್ದಾರೆ, ಹುಡುಗಿ ಇನ್ನೂ ಹಾಸಿಗೆಯಲ್ಲಿದ್ದಾಳೆ. ಅವಳ ಪಕ್ಕ ಯಾರು ಕೂರಬೇಕು, ಅವಳ ಕೇರಿಗೆ ದವಾಖಾನೆ ಯಾರು ತರಬೇಕು? ಆ ಕತೆಯನ್ನು ಯಾವ ಕಂಪನಿಯೂ ತೆಗೆಯುವುದಿಲ್ಲ. ಅದನ್ನು ನಾವೇ ಮಾಡಬೇಕು.